ಯಾರ ಕೈಗೂ ಸಿಗಲಾರದ ಹುಡುಗಿ

ಸರಕಾರಿ ಸಾಲಿ ಅಕ್ಕೋರಿಗೆ ನಗಾಕಂತ ಯಾರೂ ಪಗಾರ ಕೊಡೂದಿಲ್ಲ, ಖರೆ. ಆದ್ರ ನಗಲಾರದ ಒಂದ ತಿಂಗಳಾ ಪೂರಾ ಕಳದಾಕಿನ್ನ ನಾ ಇನ್ನೂ ನೋಡಿಲ್ಲ. ಬ್ಯಾಡಂದ್ರೂ ದಿನಾ ಒಂದಿಲ್ಲೊಂದ ಆಗೇ ಆಗತೇತಿ.

ನಾ ಹುಟ್ಟಿ ಬೆಳದದ್ದು ಗೋಕಾಕದಾಗ. ಮೊದಲ ನೌಕರಿ ಸಿಕ್ಕದ್ದು ಮೂಡಲಗಿ ಬಾಜೂಕಿನ ಒಂದ ಹಳ್ಯಾಗ. ಹೋದ ಮೊದಲ ವಾರದಾಗ ಒಬ್ಬ ಹುಡುಗ ತೇಕಕೋತ ಓಡಿ ಬಂದು ನನ್ನ ಕೈಯಾಗ ಚೀಟಿ ಇಟ್ಟ. ‘ನಮ್ಮ ಹುಡುಗಗ ಜೋರ ಜ್ವರ. ಹಾಸಿಗಿ ಬಿಟ್ಟ ಏಳಾಕ ಆಗವಲ್ದು. ಎರಡ ದಿನ ಸೂಟಿ ಕೊಡ್ರಿ’ ಅಂತ ಬರದಿತ್ತು.

“ಪಾಪ, ಯಾರಪಾ ಆ ಹುಡುಗ?” ಅಂತ ಕೇಳಿದ್ನಿ.

“ನಾನ್ರಿ ಅಕ್ಕೋರ.”

“ಹಾಸಿಗಿ ಬಿಟ್ಟ ಏಳಾಕ ಆಗವಲ್ದಂತಲ್ಲೋ?”

“ಚೀಟಿ ಕೊಟ್ಟ ಹೋಗಿ ಮತ್ತ ಮಲಗತೇನ್ರಿ” ಅಂದವನ, ಬಂದದ್ದಕ್ಕಿಂತ ಜೋರ ಓಡಿ ಹೋದ.

ಈಗ ನಾ ಹುಕ್ಕೇರಿ ತಾಲೂಕಿನ ಒಂದ ಸಣ್ಣ ಊರಾಗ ಅದೇನಿ. ಮುಂದ ಕಬ್ಬಿನ ಹೊಲ, ಹಿಂದ ಗುಡ್ಡ. ಏಳನೇ ಕ್ಲಾಸಿನ ತನಕ ಸಾಲಿ, ಮೂರು ಮಂದಿ ಟೀಚರು, ಅದರಾಗ ಹೆಡ್ ಟೀಚರ್ ಅಂತ ನನ್ನ ಹೆಸರಿನ ಮುಂದ ಬರೀತಾರ. ಬರಿಯೂದಷ್ಟ. ನನ್ನ ಮಾತ ಗಂಟೀನೂ ಕೇಳೂದಿಲ್ಲ. ಆದ್ರ ಹೋದ ವರ್ಷ ನಮ್ಮ ಏಳನೇ ಕ್ಲಾಸಿನ ಒಬ್ಬ ಹುಡುಗಿ ಸಲುವಾಗಿ ಈ ಊರ ಮಂದಿ ಎಲ್ಲಾರೂ ನಕ್ಕೂ ನಕ್ಕೂ ಸಾಕಾತು, ನನಗ ಮಾತ್ರ ಜೀವ ಬಾಯಿಗೆ ಬಂದಿತ್ತು. ಅದನ್ನ ಹೇಳತೇನಿ.

೧. ನಾಯಿಗಿಂತ ಚಲೋ

ಈ ಹುಡುಗಿ ಕುರಿ ಕಾಯೋವ್ರ ಮಗಳು. ಓದೂದ್ರಾಗೂ ಮುಂದ, ಓಡೂದ್ರಾಗೂ ಮುಂದ. ಏಳನೇದ ಮುಗದ ಮ್ಯಾಲ ಯಮಕನಮರಡಿ ಹೈಸ್ಕೂಲಿಗೆ ಹೋಗಬೇಕಂತ ಆಕಿಗೆ ಹುಚ್ಚ ಆಸೆ. ಆದ್ರ “ನಮ್ಮಪ್ಪ ಕಳಸೂದಿಲ್ರಿ” ಅಂತ ಒಂದಿನ ಕಣ್ಣಾಗ ನೀರ ತಂದ್ಲು. ನನಗ ಸಿಟ್ಟ ನೆತ್ತಿಗೇರಿತು. ಚಪ್ಪಲ್ ಮೆಟ್ಟಿಕೊಂಡು ಸೀದಾ ಗುಡ್ಡದ ಬುಡಕ ಅವರ ಕುರಿ ದಡ್ಡಿಗೇ ಹೋದ್ನಿ.

“ಅಣ್ಣಾರ, ಹುಡುಗೀನ ಹೈಸ್ಕೂಲಿಗೆ ಯಾಕ ಕಳಸೂದಿಲ್ಲ?”

“ಆಕಿ ಹೋದ್ರ ಕುರಿ ಯಾರ ತಿರವಬೇಕ್ರಿ ಅಕ್ಕೋರ? ನಾಯಿಗೆ ವಯಸ್ಸಾತು.”

“ಅಂದ್ರ ನಿಮ್ಮ ಮಗಳು ನಾಯಿ ಮಾಡೋ ಕೆಲಸ ಮಾಡಬೇಕೇನ್ರಿ?”

ಆ ಮನಶ್ಯಾಗ ಬ್ಯಾಸರ ಆತು. “ಹಂಗ ಅನಬ್ಯಾಡ್ರಿ. ನಾಯಿಗಿಂತ ಭಾಳ ಚಲೋ ಮಾಡತಾಳ” ಅಂದ.

ಇದಕ್ಕೇನ ಹೇಳ್ತೀರಿ? ನಾ ಒಂದ ತಾಸ ವಾದ ಮಾಡಿದ್ನಿ. ಕಡೀಕ ಅಂವ ಕಂಬಳಿ ಕೊಡವಿ ಎದ್ದು ನಿಂತು, “ಆಕಿ ಓಣಿ ಹುಡುಗ್ಯಾರ ಕೂಡ ಖೋ-ಖೋ ಆಡತಾಳಂತ. ತಾಲೂಕಿಗೆ ಹೋಗಿ ಆಡ್ಲಿ. ಅಲ್ಲಿ ಆಕಿನ್ನ ಯಾರೂ ಹಿಡೀಲಿಲ್ಲಂದ್ರ ಹೈಸ್ಕೂಲ್. ಯಾರರ ಹಿಡದ್ರ ಕುರಿ. ಮಾತಂದ್ರ ಮಾತು” ಅಂದ.

ನಾ ಹೂಂ ಅಂದಬಿಟ್ನಿ. ಹೊಳ್ಳಿ ಬರಬೇಕಾದ್ರ ದಾರ್ಯಾಗ ನೆನಪಾತು, ನಮ್ಮ ಸಾಲ್ಯಾಗ ಖೋ-ಖೋ ಟೀಮ್ ಇಲ್ಲ. ಪಿ.ಟಿ. ಮಾಸ್ತರೂ ಇಲ್ಲ. ನನಗಂತೂ ಖೋ-ಖೋದಾಗ ಖೋ ಅನ್ನೂದೊಂದ ಗೊತ್ತಿತ್ತು.

೨. ತಾಟಿನ ಸಪ್ಪಳ

ನನ್ನ ಕಷ್ಟ ಕೇಳಿದಾಕಿ ನಮ್ಮ ಬಿಸಿಯೂಟದ ಅಡಗಿ ಅವ್ವ. “ಅಷ್ಟಕ್ಕ ಯಾಕ ಮಾರಿ ಸಣ್ಣ ಮಾಡ್ತೀರಿ ಅಕ್ಕೋರ? ನಾ ಲಗ್ನಕ್ಕಿಂತ ಮೊದಲ ಜಿಲ್ಲಾ ತನಕ ಆಡಿದಾಕಿ” ಅಂದವಳ, ಸೀರಿ ನಿರಗಿ ಮ್ಯಾಲ ಸಿಗಿಸಿ ಅಂಗಳಕ್ಕ ಇಳದ್ಲು. ಒಳಗ ಕುಕ್ಕರ್ ಸೀಟಿ ಹೊಡಿಯೂದ್ರಾಗ ಹೊರಗ ಅಂಗಳದಾಗ ಒಂದ ಸುತ್ತ ಓಡಿ ಬರತಿದ್ಲು. ಆಕಿ ಹಿಡದ್ರ ಬಿಡಸ್ಕೊಳ್ಳೋ ಹುಡುಗಿ ಊರಾಗ ಇರಲಿಲ್ಲ. ಕುರಿಯವ್ರ ಮಗಳೊಬ್ಬಾಕಿನ್ನ ಬಿಟ್ಟು. ಅದಕ್ಕ ಆಕಿನ್ನ ನಮ್ಮ ಕ್ಯಾಪ್ಟನ್ ಮಾಡಿದ್ವಿ.

ಹುಡುಗ್ಯಾರನ್ನ ಪ್ರಾಕ್ಟೀಸಿಗೆ ಕರ್ಯಾಕ ಆಕಿ ಸೌಟ ತಗೊಂಡು ತಾಟ ಬಾರಸತಿದ್ಲು. ಅಲ್ಲೇ ಘೋಟಾಳಾ ಆತು ನೋಡ್ರಿ. ಮುಂಜಾನೆ ಹತ್ತಕ್ಕ ತಾಟ ಬಾರಿಸಿದ್ರ ಒಂದನೇ ಕ್ಲಾಸಿನ ಕೂಸಗೋಳು ಊಟಾ ಅಂತ ತಾಟ ಹಿಡಕೊಂಡು ಸಾಲ ಹಚ್ಚಿ ನಿಂದ್ರತಿದ್ವು. ಮಧ್ಯಾಹ್ನ ಊಟಕ್ಕ ಬಾರಿಸಿದ್ರ ಟೀಮಿನ ಹುಡುಗ್ಯಾರು ಖೋ-ಖೋ ಸಾಲಿನಂಗ ಒಬ್ಬಾಕಿ ಈ ಕಡೆ ಮಾರಿ, ಒಬ್ಬಾಕಿ ಆ ಕಡೆ ಮಾರಿ ಮಾಡಿ ಕುಂದ್ರತಿದ್ರು. ಅವ್ವ ಸಾರ ಹಾಕಾಕ ಒಮ್ಮೆ ಆ ಬಾಜೂ, ಒಮ್ಮೆ ಈ ಬಾಜೂ ತಿರಗಿ ತಿರಗಿ ಸುಸ್ತಾದ್ಲು.

“ನೋಡ್ರಿ ಅಕ್ಕೋರ, ಕುಂದ್ರೂದ ಖೋ-ಖೋ ಹಂಗ ಕುಂದರತಾವ” ಅಂದ್ಲು. “ಉಣ್ಣೂದ ಮಾತ್ರ ಕಬಡ್ಡಿ ಹಂಗ. ಉಸರ ಬಿಡೂದ ಇಲ್ಲ.”

೩. ಬಾಳೆಹಣ್ಣ ಬಂದ ದಿನ

ಆಟಗಾರ್ತ್ಯಾರಿಗೆ ತಾಕತ್ತ ಬರಬೇಕಂತ ತತ್ತಿ ಬಿಡದ ತಿನ್ನಸಾಕ ನಾ ಗಟ್ಟ್ಯಾಗಿ ಹೇಳಿದ್ನಿ. ಸಾಲ್ಯಾಗ ತತ್ತಿ ತಿನ್ನೋವ್ರಿಗೆ ತತ್ತಿ, ತಿನ್ನಲಾರದವ್ರಿಗೆ ಬಾಳೆಹಣ್ಣ. ಅದಕ್ಕೊಂದ ಪಟ್ಟಿ. ನಮ್ಮ ಊರಾಗ ಜೈನರ ಮನಿ ಆರು, ಆ ಮನಿ ಹುಡುಗ್ರೆಲ್ಲಾ ಬಾಳೆಹಣ್ಣಿನ ಪಟ್ಟ್ಯಾಗ.

ಒಂದಿನ ಏನಾತಂದ್ರ, ಅಗದಿ ಹಳದೀ, ಘಮಾ ಘಮಾ ಅನ್ನೋ ಜವಾರಿ ಬಾಳೆಹಣ್ಣ ಬಂದ್ವು. ತತ್ತಿ ಬುಟ್ಟಿ ಮುಂದ ಒಂದ ನರಪಿಳ್ಳಿ ಇಲ್ಲ. ಬಾಳೆಹಣ್ಣಿನ ಸಾಲ ಗೇಟಿನ ತನಕ ಹೋಗೇತಿ! ನಮ್ಮ ಕ್ಯಾಪ್ಟನ್ನೂ ಅದರಾಗ ನಿಂತಾಳ.

“ಯಾಕವಾ, ನೀ ತತ್ತಿ ಪಟ್ಟ್ಯಾಗ ಇದ್ದೆಲ್ಲ?” ಅಂದ್ನಿ.

“ಇವತ್ತೊಂದಿನ ನಾ ಜೈನ್ರಿ ಅಕ್ಕೋರ” ಅಂದ್ಲು. ಆಕಿ ಹಿಂದ ನಿಂತಿದ್ದ ಹುಡುಗೂರು, “ನಾವೂ ಜೈನ್ರಿ, ನಾವೂ ಜೈನ್ರಿ” ಅಂತ ಕೈ ಎತ್ತಿದ್ವು.

ಅದ ಹೊತ್ತಿಗೆ ಜೈನರ ಮನಿ ಹಿರಿ ಆಯಿ ಮೊಮ್ಮಗನ ಡಬ್ಬಿ ಕೊಡಾಕ ಬಂದ್ರು. ಗೇಟಿನಾಗ ನಿಂತು ಆ ಸಾಲ ನೋಡಿದ್ರು, ಚಷ್ಮಾ ಒರಸಿ ಮತ್ತೊಮ್ಮೆ ನೋಡಿದ್ರು. ನನ್ನ ಬಾಜೂಕ ಬಂದು ಸಣ್ಣ ದನಿಲೆ ಕೇಳಿದ್ರು:

“ಅಕ್ಕೋರ, ಊರಾಗ ನಮ್ಮವು ಆರ ಮನಿ. ಸಾಲ್ಯಾಗ ಇಷ್ಟ ಮಂದಿ ಯಾವಾಗ ಆದ್ವಿ?”

೪. ಕೊಂಬಿನ ಆಟಗಾರ್ತಿ

ಟೀಮಿನ ಹೆಸರು, ಫೋಟೋ ಎಲ್ಲಾ ಮೊಬೈಲಿನಾಗ ತುಂಬಬೇಕು, ಐದ ಗಂಟೆ ಒಳಗ. ತುಂಬಲಿಲ್ಲಂದ್ರ ಆಟ ಇಲ್ಲ. ಆಟ ಇಲ್ಲಂದ್ರ ಹುಡುಗಿ ಹೈಸ್ಕೂಲೂ ಇಲ್ಲ. ನಮ್ಮ ಸಾಲ್ಯಾಗ ನೆಟ್‌ವರ್ಕ್ ಅನ್ನೂದ ನೆಂಟ್ರಂಗ, ಬಂದ್ರ ಬಂತು. ಊರಾಗೆಲ್ಲಾ ನೆಟ್‌ವರ್ಕ್ ಪಕ್ಕಾ ಸಿಗೋ ಜಾಗಾ ಒಂದ, ಹುಡುಗಿ ಅಪ್ಪ ಕುರಿ ಅಣ್ಣನ ದಡ್ಡಿ. ಹುಡುಗ್ಯಾರನ್ನ ಕಟಗೊಂಡು ಅಲ್ಲಿಗೇ ಓಡಿದ್ನಿ.

ಅಲ್ಲೂ ಒಂದ ಕಡ್ಡಿ ಬಂದು ಒಂದ ಕಡ್ಡಿ ಹೋಗಾಕ ಹತ್ತಿತ್ತು. ಆಗ ಕುರಿ ಅಣ್ಣ, “ಕೊಡ್ರಿಲ್ಲೆ” ಅಂತ ನನ್ನ ಮೊಬೈಲ್ ಇಸಕೊಂಡು ತನ್ನ ಕೋಲಿನ ತುದಿಗೆ ದಾರಲೆ ಕಟ್ಟಿ ಆಕಾಶಕ್ಕ ಎತ್ತಿ ಹಿಡದ. ಹೆಸರೆಲ್ಲಾ ಭರ್ರಂತ ಹೋದ್ವು! ಮಗಳನ್ನ ಹೈಸ್ಕೂಲಿಗೆ ಕಳಸೂದಿಲ್ಲ ಅನ್ನೋ ಮನಶ್ಯಾ, ಮಗಳ ಹೆಸರ ಹೋಗ್ಲಿ ಅಂತ ಅರ್ಧಾ ತಾಸ ಕೈ ಇಳಸದ ನಿಂತಿದ್ದ. ನನಗ ಅವತ್ತ ಅವನ ಮ್ಯಾಲಿನ ಸಿಟ್ಟ ಅರ್ಧಾ ಇಳೀತು. ಗಡಿಬಿಡ್ಯಾಗ ಒಬ್ಬೊಬ್ಬಾಕಿದ ಫೋಟೋ ಹೊಡದು ಅವನ್ನೂ ಕಳಿಸಿದ್ನಿ.

ಮರದಿನ ತಾಲೂಕ ಆಫೀಸಿನಿಂದ ಫೋನ್ ಬಂತು. “ಅಕ್ಕೋರ, ನಿಮ್ಮ ಕ್ಯಾಪ್ಟನ್ ಫೋಟೋ ಸರಿಯಾಗಿ ನೋಡೀರೇನ್ರಿ?”

“ಯಾಕ್ರಿ ಸರ್, ಕಾಣವಲ್ದೇನು?”

“ಕಾಣತೇತ್ರಿ. ಸ್ಪಷ್ಟ ಕಾಣತೇತಿ. ಎರಡ ಕೊಂಬ ಅದಾವ.”

ಫೋಟೋ ಹೊಡಿಯೂ ಹೊತ್ತಿಗೆ ಸರೀಕ ಅವರ ಟಗರು ನಡಕ ಮಾರಿ ತೂರಿಸಿತ್ತು. ನಾ ನಾಚಿಕಿಲೆ ಸತ್ತ ಹೋದ್ನಿ. ಕುರಿ ಅಣ್ಣಗ ಹೇಳಿದ್ರ, ಅಂವ ಮಾತ್ರ ಭಾಳ ವಿಚಾರ ಮಾಡಿ, “ಅದನ್ನೂ ಆಡಸ್ತೇವಿ ಅಂದ್ರ ಆಡಸ್ರಿ. ನಂದೇನ ತಕರಾರ ಇಲ್ಲ” ಅಂದ.

೫. ಹುಕ್ಕೇರಿ ಮೈದಾನದಾಗ

ತಾಲೂಕ ಆಟದ ದಿನ ಟಂಟಂ ಗಾಡ್ಯಾಗ ತುಂಬಕೊಂಡು ಹುಕ್ಕೇರಿಗೆ ಹೋದ್ವಿ. ಮುಂಜಾನಿಂದ ಎರಡ ಆಟ ಗೆದ್ವಿ, ಕ್ಯಾಪ್ಟನ್ನ ಬೆನ್ನ ಸೈತ ಯಾರಿಗೂ ಸಿಗಲಿಲ್ಲ. ನಮ್ಮ ಸಾಲಿ ಫೈನಲಿಗೆ ಬಂದದ್ದು ಅದ ಮೊದಲ ಸಲ. ಎದರಿಗೆ ಸಂಕೇಶ್ವರ ಕಡೆದೊಂದ ದೊಡ್ಡ ಸಾಲಿ. ಅವರ ಕಾಲಾಗ ಬೂಟ, ಬೆನ್ನ ಮ್ಯಾಲ ನಂಬರ. ನಮ್ಮವರ ಕಾಲಾಗ ಧೂಳ. ಅಡಗಿ ಅವ್ವ, “ಬೂಟ ಓಡೂದಿಲ್ಲ, ಕಾಲ ಓಡತಾವ. ಹೋಗ್ರಿ” ಅಂತ ಎಲ್ಲಾರ ಬೆನ್ನಿಗೂ ಒಂದೊಂದ ಕೊಟ್ಟ ಕಳಿಸಿದ್ಲು.

ಆಗ ನೋಡತೇನಿ, ಗೆರಿ ಬಾಜೂಕ ಹೆಗಲ ಮ್ಯಾಲ ಕಂಬಳಿ, ಕೈಯಾಗ ಕೋಲು, ಕುರಿ ಅಣ್ಣ ನಿಂತಾನ! ಕುರಿ ಹೆಂಡತಿಗೆ ಒಪ್ಪಿಸಿ ಬಂದಿದ್ದ. ಹುಟ್ಟಿದಾಗಿಂದ ಖೋ-ಖೋ ನೋಡಿದಾವ ಅಲ್ಲ.

ಮೊದಲ ನಾವು ಬೆನ್ನ ಹತ್ತಿ ಅವರ ಎಂಟ ಮಂದೀನ ಔಟ್ ಮಾಡಿದ್ವಿ. ಆಮ್ಯಾಲ ಅವ್ರು ನಮ್ಮ ಎಂಟ ಮಂದೀನ ಮಾಡಿದ್ರು. ಉಳದಾಕಿ ಕ್ಯಾಪ್ಟನ್ ಒಬ್ಬಾಕಿ. ಒಂದ ನಿಮಿಷ ಬಾಕಿ. ಆಕಿ ನಿಂತ್ರ ಸರಿಸಮ, ಔಟಾದ್ರ ಸೋಲು. ಸೋಲ ಹಾಳಾಗ್ಲಿ, ಹಿಡದ್ರ ಆಕಿ ಹೈಸ್ಕೂಲ ಹೋತು. ನಾ ಅಡಗಿ ಅವ್ವನ ಕೈ ಎಷ್ಟ ಗಟ್ಟಿ ಹಿಡದಿದ್ನಿ ಅಂದ್ರ ಆಕಿ ಬಳಿ ಎರಡ ಒಡದ್ವು.

ಹುಡುಗಿ ಮೀನಿನಂಗ ನುಸಳಾಕ ಹತ್ತಿದ್ಲು. ಆ ಹುಡುಗ್ಯಾರೂ ಬಿಡೋವ್ರಲ್ಲ. ಖೋ, ಖೋ ಅನಕೋತ ಕಂಬದ ಹತ್ರ ಒತ್ತರಿಸಿಕೊಂಡ ಬಂದ್ರು. ಇನ್ನ ಹತ್ತ ಸೆಕೆಂಡ್ ಇರಬೇಕು.

ಆವಾಗ ಕೇಳಿತು ನೋಡ್ರಿ, ಕಿವಿ ಹರಿಯೋವಂಥಾ ಸೀಟಿ. ಅಂಪೈರಂದಲ್ಲ. ಕುರಿ ಅಣ್ಣ ಎರಡ ಬಳ್ಳ ಬಾಯಾಗಿಟ್ಟು ಹೊಡದದ್ದು!

ಗುಡ್ಡದಾಗ ಆ ಸೀಟಿ ಕೇಳಿತಂದ್ರ ಹುಡುಗಿ ಏನ ಮಾಡಾಕ ಹತ್ತಿದ್ರೂ ಬಿಟ್ಟು ಅಪ್ಪನ ಹತ್ರ ಓಡಿ ಬರಬೇಕು. ನಡಿಯಾಕ ಕಲತಾಗಿಂದ ಬಂದ ರೂಢಿ. ಆಕಿ ಕಂಬ ಬಿಟ್ಟು ಗರ್ರಂತ ತಿರಗಿ, ಗೆರಿ ದಾಟಿ, ಸೀದಾ ಬಂದು ಅಪ್ಪನ ಮುಂದ ನಿಂತು, “ಏನ ಯಪ್ಪಾ?” ಅಂದ್ಲು.

ಅಂಪೈರ್ ಕೈ ಎತ್ತಿದ್ರು. ಗೆರಿ ದಾಟಿದ್ಲು, ಔಟ್. ಒಂದ ಪಾಯಿಂಟಿನಿಂದ ಸೋತ್ವಿ.

ನಾ ಸಾಲಿ ಹೆಡ್ ಟೀಚರ್ ಅನ್ನೂದ ಮರತು ಚೀರಿದ್ನಿ. “ಏನ ಮಾಡಿಬಿಟ್ರಿ ಅಣ್ಣಾರ! ಯಾಕ ಹೊಡದ್ರಿ ಸೀಟಿ?”

ಅವನ ಮಾರಿ ಬೆಳ್ಳಗಾಗಿತ್ತು. “ಸುತ್ತೂಕಡೆ ತೋಳ ಮುತ್ತಿದಂಗ ಕಂಡ್ತ್ರಿ ಅಕ್ಕೋರ. ಮಗಳಲ್ರೀ... ತಡಕೊಳ್ಳಾಕ ಆಗಲಿಲ್ಲ” ಅಂದ. ಹುಡುಗಿ ಅಳಾಕ ಹತ್ತಿದ್ಲು. ಅಂವ ಆಕಿ ಮಾರಿ ನೋಡಿದ, ನನ್ನ ಮಾರಿ ನೋಡಿದ, ಕೋಲ ಊರಕೋತ ಸೀದಾ ಅಂಪೈರ್ ಹತ್ರ ಹೋದ. ನಾವೂ ಹಿಂದಿಂದ ಹೋದ್ವಿ.

“ಸಾಹೇಬ್ರ, ನನ್ನ ಮಗಳನ್ನ ಯಾರ ಹಿಡದ್ರಿ?”

“ಯಾರೂ ಹಿಡೀಲಿಲ್ರಿ. ತಾನ ಗೆರಿ ದಾಟಿದ್ಲು.”

“ಯಾರೂ ಹಿಡದಿಲ್ಲ?”

“ಇಲ್ರಿ.”

“ಹಂಗಂತ ಬರದ ಕೊಡ್ರಿ. ನಾಳೆ ಊರಾಗ ಯಾರರ ಹಿಡದ್ರಂತ ಅಂದ್ರ ತೋರಸಾಕ ಬೇಕು.”

ಅಂಪೈರ್ ತಲಿ ಕೆರಕೊಂಡ್ರು. ಆದ್ರ ಕೋಲ ಹಿಡದ ನಿಂತ ಮನಶ್ಯಾ, ಇಲ್ಲ ಅನ್ನೂದ ಹೆಂಗ? ಹಾಳಿ ಹರದು ಬರದ ಕೊಟ್ರು. ನಾ ಹೆಗಲ ಮ್ಯಾಲಿಂದ ಬಗ್ಗಿ ಓದಿದ್ನಿ: ‘ಸದರಿ ಆಟಗಾರ್ತಿಯನ್ನು ಎದುರಾಳಿ ತಂಡದ ಯಾರೂ ಹಿಡಿದಿರುವುದಿಲ್ಲ.’ ಅಷ್ಟಕ್ಕ ನಿಂತಿದ್ರ ಚಲೋ ಇತ್ತು. ಕೆಳಗ, ‘ಆಕೆಯ ತಂದೆಯವರು ಸೀಟಿ ಹೊಡೆದಿದ್ದರಿಂದ ಗೆರೆ ದಾಟಿ ಔಟಾಗಿರುತ್ತಾಳೆ. ತಂಡದ ಸೋಲಿಗೆ ಸದರಿ ತಂದೆಯವರೇ ಸಂಪೂರ್ಣ ಕಾರಣರು’ ಅಂತ ಮೂರ ಸಾಲ ಜಡದಿದ್ರು.

ಕುರಿ ಅಣ್ಣ ಹಾಳಿ ಇಸಕೊಂಡು ಮಗಳ ಕೈಯಾಗ ಕೊಟ್ಟ. “ಓದು. ಜೋರ ಓದು.”

ಹುಡುಗಿ ಕಣ್ಣ ಒರಸಿಕೊಂಡು ಮೊದಲನೇ ಸಾಲ ಎಲ್ಲಾರಿಗೂ ಕೇಳೂವಂಗ ಓದಿದ್ಲು. ಆಮ್ಯಾಲ ಹಾಳಿ ಕೆಳಗ ಇಳಿಸಿದ್ಲು.

“ಇಷ್ಟನ?” ಅಂದ.

“ಇಷ್ಟ ಯಪ್ಪಾ.”

“ಕೆಳಗ ಇನ್ನೂ ಮೂರ ಸಾಲ ಕಾಣತಾವಲ್ಲ?”

ಹುಡುಗಿ ನನ್ನ ನೋಡಿದ್ಲು. ನಾ ಮ್ಯಾಲ ಹಾರೋ ಹದ್ದ ನೋಡಿದ್ನಿ. ಅಂಪೈರ್ ಬಾಯಿ ತಗದ್ರು, ಅಡಗಿ ಅವ್ವ ಅವರ ಕಾಲ ತುಳದ್ಲು.

“ಅದು ಸಾಹೇಬ್ರ ಸಹಿ ಯಪ್ಪಾ” ಅಂದ್ಲು ಹುಡುಗಿ.

ಕುರಿ ಅಣ್ಣ ಆ ಹಾಳಿ ಮತ್ತ ಇಸಕೊಂಡು, ಬಳ್ಳಲೆ ಆ ಮೂರೂ ಸಾಲ ಈ ತುದಿಯಿಂದ ಆ ತುದೀ ತನಕ ಸವರಿದ. ಮಡಚಿ ರುಮಾಲಿನಾಗ ಸಿಗಿಸಿದ. ಅಂಪೈರಿಗೆ ಬಗ್ಗಿ ಕೈ ಮುಗದ.

“ಮೂರ ಸಾಲಿನ ಸಹಿ! ಭಾಳ ಓದಿದವ್ರ ಇರಬೇಕು” ಅಂದ. ಆಮ್ಯಾಲ ಮಗಳ ತಲಿ ಮ್ಯಾಲ ಕೈ ಇಟ್ಟು ಹೇಳಿದ, “ನಮ್ಮ ಮನ್ಯಾಗ ಎಲ್ಲಾರದೂ ಹೆಬ್ಬಟ್ಟ. ನೀ ಹೈಸ್ಕೂಲಿಗೆ ಹೋಗವಾ. ಹೋಗಿ ಇದಕ್ಕಿಂತ ಒಂದ ಸಾಲ ಉದ್ದ ಸಹಿ ಮಾಡಾಕ ಕಲತ ಬಾ.”