ಎಲ್ಲೂ ಹೋಗದ ಟೂರಿಸಂ ಮೇಡಂ

ಟೂರಿಸಂ ಪಾಠ ಮಾಡುವವಳು ಊರೂರು ಸುತ್ತಿರುತ್ತಾಳೆಂದು ಜನ ನಂಬಿದ್ದಾರೆ. ನಾನು ಸುತ್ತುವುದು ಜಿಗಣಿಯ ಬಾಡಿಗೆ ಮನೆಯಿಂದ ಕಾಲೇಜಿಗೆ, ಕಾಲೇಜಿನಿಂದ ಮನೆಗೆ. ಅಷ್ಟು ದೂರದಲ್ಲೇ ಈಗ ಹೇಳುವಂಥವೆಲ್ಲ ನನಗೆ ಗಂಟುಬೀಳುತ್ತವೆ.

ಈಚೆಗೆ ಹೊರದೇಶದ ಒಂದು ವಿಶ್ವವಿದ್ಯಾಲಯ ನಮ್ಮಂಥ ಕೆಲವು ಕಾಲೇಜುಗಳ ಜತೆ ಸೇರಿ ಮೇಷ್ಟರುಗಳಿಗೇ ಪಾಠ ಶುರುಮಾಡಿತು. ಪರಿಸರ ಕೆಡಿಸದೆ ಪ್ರವಾಸ ಮಾಡಿಸುವುದು ಹೇಗೆ, ಊರನ್ನು ಮೊಬೈಲಿನಲ್ಲೇ ತೋರಿಸುವುದು ಹೇಗೆ ಎಂಬ ಪಾಠ. ಎಲ್ಲವೂ ಆನ್‌ಲೈನ್. ಆಯ್ಕೆಯಾದವರು ಕೊನೆಗೆ ಅಲ್ಲಿಗೇ ಹೋಗಿ ಎರಡು ವಾರ ಇರಬಹುದು. ನನ್ನ ವಿಭಾಗದಲ್ಲಿ ನಾನೊಬ್ಬಳೇ, ಮನೆಯಲ್ಲೂ ಒಬ್ಬಳೇ. ನನ್ನ ಕೆಲಸವನ್ನೇ ಮಾಡುವ ನಾಲ್ಕು ಜನರ ಜತೆ ಒಂದು ಮೇಜಿನಲ್ಲಿ ಕೂತು ಊಟ ಮಾಡಬೇಕೆಂದು ಬಹಳ ಆಸೆಯಾಯಿತು.

೧. ಒಮ್ಮತದ ಗುಂಪು

ಮೊದಲ ದಿನ ಪಾಠ ಹೇಳುವ ಪ್ರೊಫೆಸರಮ್ಮ ನಮ್ಮನ್ನು ಇಬ್ಬಿಬ್ಬರಂತೆ ಬೇರೆ ಬೇರೆ ಆನ್‌ಲೈನ್ ಕೋಣೆಗಳಿಗೆ ಕಳಿಸಿದರು, ಚರ್ಚೆ ಮಾಡಿ ಬನ್ನಿ ಎಂದು. ನಾವು ಇದ್ದದ್ದು ಹದಿಮೂರು ಜನ. ನನ್ನ ಕೋಣೆಯಲ್ಲಿ ನಾನು ಮಾತ್ರ. ಯಾರಾದರೂ ಬರುತ್ತಾರೆಂದು ಕೂದಲು ಸರಿಮಾಡಿಕೊಂಡು ಇಪ್ಪತ್ತು ನಿಮಿಷ ಪರದೆಯಲ್ಲಿ ನನ್ನ ಮುಖವನ್ನೇ ನೋಡಿದೆ.

ವಾಪಸು ಬಂದ ಮೇಲೆ ನಿಮ್ಮ ಗುಂಪಿನ ಅಭಿಪ್ರಾಯವೇನು ಎಂದರು. ಒಬ್ಬಳೇ ಇದ್ದೆ ಎನ್ನಲು ನಾಚಿಕೆಯಾಯಿತು. ನಮ್ಮಲ್ಲಿ ಭಿನ್ನಾಭಿಪ್ರಾಯವೇ ಬರಲಿಲ್ಲ ಎಂದೆ. ಅತ್ಯಂತ ಹೊಂದಾಣಿಕೆಯ ಗುಂಪು ಎಂದು ನಮಗೆ ಚಪ್ಪಾಳೆ ಬಿತ್ತು.

೨. ಪ್ರವಾಸಿ ಅಜ್ಜಿ

ನಮ್ಮ ಊರಿನ ಬಗ್ಗೆ ಮೊಬೈಲಿನಲ್ಲಿ ವಿವರಣೆ ರೆಕಾರ್ಡ್ ಮಾಡಿ, ಒಬ್ಬ ಪ್ರವಾಸಿಗೆ ಕೇಳಿಸುತ್ತಾ ಸುತ್ತಾಡಿಸಿ ಅನ್ನುವುದು ಮುಂದಿನ ಪಾಠ. ಪ್ರವಾಸಿ ಎಲ್ಲಿಂದ ತರಲಿ? ಕೆಳಗಿನ ಮನೆಯ ಓನರ್ ಅಜ್ಜಿಯನ್ನೇ ಕಾಡಿ ಬೇಡಿ ಹೊರಡಿಸಿದೆ.

ಹತ್ತು ಹೆಜ್ಜೆಗೊಬ್ಬರು ಅಜ್ಜಿಯನ್ನು ಮಾತಾಡಿಸಿದರು. ಇಲ್ಲೇ ನಮ್ ರಾಗಿ ಹೊಲ ಇತ್ತು ಅಂತ ಅಜ್ಜಿ ಒಂದು ಫ್ಯಾಕ್ಟರಿ ಗೇಟು ತೋರಿಸುವಷ್ಟರಲ್ಲಿ ಹಿಂದೆ ಆರು ಜನ ಸೇರಿದ್ದರು. ನಾನು ಏಳನೆಯವಳು, ಬಾಲದಲ್ಲಿ, ಕೈಯಲ್ಲಿ ತನ್ನಷ್ಟಕ್ಕೇ ಮಾತಾಡುವ ಮೊಬೈಲು. ಅವರೆಲ್ಲ ಯಾರದೋ ಮನೆಗೆ ಕಾಫಿಗೆ ಹೋದರು. ನನ್ನನ್ನೂ ಕರೆದರೋ ಇಲ್ಲವೋ, ಲಾರಿ ಸದ್ದಿನಲ್ಲಿ ತಿಳಿಯಲಿಲ್ಲ. ಮನೆಗೆ ಬಂದೆ.

ಸಂಜೆ ಪ್ರವಾಸಿಯ ಅಭಿಪ್ರಾಯ ಬರೆದುಕೊಳ್ಳಬೇಕಿತ್ತು. ಅಜ್ಜಿ ಯೋಚಿಸಿ ಹೇಳಿದರು: "ಊರು ಚೆಂದಾಗೈತೆ ಅಂತ ಬರ್ಕೊ. ತೋರ್ಸಾಕ್ ಬಂದ ಮೇಡಮ್ಮಂಗೇ ಯಾರೂ ಗೊತ್ತಿಲ್ಲ, ಪಾಪ."

ಹಾಗೇ ಬರೆದು ಕಳಿಸಿದೆ.

೩. ಮಾದರಿ ಪ್ರವಾಸಿ

ಆಯ್ಕೆಗೆ ಮುಂಚೆ ಒಂದು ಫಾರಂ ಬಂತು. ಕಳೆದ ವರ್ಷ ನೀವು ಎಲ್ಲೆಲ್ಲಿ ಪ್ರವಾಸ ಹೋದಿರಿ, ಬಸ್ಸೋ ವಿಮಾನವೋ, ಒಟ್ಟು ಎಷ್ಟು ಹೊಗೆ ಬಿಟ್ಟಿರಿ ಎಂಬ ಲೆಕ್ಕ. ಎಲ್ಲಿಗೂ ಹೋಗಲು ಜತೆಯಿಲ್ಲದ ನಾನು ಉದ್ದಕ್ಕೂ ಸೊನ್ನೆ ಸುತ್ತಿದೆ. ಅತಿ ಕಡಿಮೆ ಹೊಗೆ ಬಿಟ್ಟವಳೆಂದು ಹದಿಮೂರು ಜನರಲ್ಲಿ ನಾನೇ ಮೊದಲು. ಪ್ರೊಫೆಸರಮ್ಮ ನನ್ನ ಹೆಸರು ಓದಿದಾಗ ಯಾವ ಸೀರೆ ಒಯ್ಯಲಿ ಎಂದು ಮನಸ್ಸಿನಲ್ಲೇ ಬೀರು ತೆಗೆದಿದ್ದೆ.

ಅವರು ಮುಂದುವರಿಸಿದರು: "ಇಂಥ ದಾಖಲೆಯನ್ನು ಒಂದು ವಿಮಾನ ಪ್ರಯಾಣದಿಂದ ಕೆಡಿಸಲು ನಮಗೆ ಮನಸ್ಸಿಲ್ಲ. ನೀವು ಅಲ್ಲಿಂದಲೇ ನಮ್ಮ ಜತೆ ಇರುತ್ತೀರಿ."

ಉಳಿದವರಲ್ಲಿ ಐವರು ಹಾರಿದರು. ನಾನು ಅಲ್ಲಿ ಒಂದು ಕುರ್ಚಿಯ ಮೇಲಿಟ್ಟ ಲ್ಯಾಪ್‌ಟಾಪಿನೊಳಗೆ ಕೂತೆ. ಊಟದ ಹೊತ್ತಿಗೆ ಪ್ರೀತಿಯಿಂದಲೇ ನನ್ನನ್ನು ಎತ್ತಿಕೊಂಡು ಹೋಗಿ ಮೇಜಿನ ಮೇಲಿಟ್ಟರು. ನಾನೂ ಇಲ್ಲಿ ಮೊಸರನ್ನ ಕಲಸಿಕೊಂಡು ಕೂತೆ. ಎರಡು ತುತ್ತಾಗಿತ್ತು, ಆ ಲ್ಯಾಪ್‌ಟಾಪಿನ ಚಾರ್ಜು ಮುಗಿಯುತ್ತಾ ಬಂತೆಂದು ಯಾರೋ ಎತ್ತಿ ಮೂಲೆಯ ಪ್ಲಗ್ಗಿಗೆ ಸಿಕ್ಕಿಸಿದರು. ಮುಖ ಗೋಡೆಗೆ. ಹಿಂದಿನಿಂದ ನಗು, ಚಮಚದ ಸದ್ದು ಕೇಳುತ್ತಲೇ ಇತ್ತು. ಕೂಗಿದರೆ ತಿರುಗಿಸುತ್ತಿದ್ದರೇನೋ. ಕೂಗದೆ ಉಳಿದ ಮೊಸರನ್ನ ತಿಂದು ಮುಗಿಸಿದೆ.

ತಟ್ಟೆ ತೊಳೆಯಲು ಹೊರಗೆ ಬಂದರೆ ಕೆಳಗಿನಿಂದ ಅಜ್ಜಿ, ಫಾರಿನ್ನು ಎಂಗೈತೆ ಎಂದು ಕೇಳಿದರು. ಗೋಡೆ ಚೆನ್ನಾಗಿದೆ ಅಜ್ಜಿ, ಬಿಳಿ ಬಣ್ಣ, ಅಷ್ಟೇ ಕಂಡಿದ್ದು ಎಂದೆ.

ಅಜ್ಜಿ ಅಂದರು:

"ಗೋಡೆ ನೋಡಾಕೆ ಅಷ್ಟು ದೂರ ಓಗ್ಬೇಕಿತ್ತಾ? ಕೆಳಗಿಳ್ದು ಬಂದಿದ್ರೆ ನಮ್ದೇ ತೋರಿಸ್ತಿದ್ನಲ್ಲ."