ಒಂಬತ್ತಕ್ಕೂ ಒಮ್ಮೆಗೇ ಉಣಿಸಿದ ದಿನ

ಇದರಲ್ಲಿ ಎಷ್ಟು ನಡೆದದ್ದು, ಎಷ್ಟು ನಾನು ಆಮೇಲೆ ಸೇರಿಸಿಕೊಂಡದ್ದು, ಆಣೆ ಮಾಡಿ ಹೇಳಲಾರೆ. ಪುರಾವೆಯಿಲ್ಲದೆ ಏನನ್ನೂ ನಂಬಬೇಡ ಎಂದು ಐದು ವರ್ಷ ವಿಶ್ವವಿದ್ಯಾಲಯದಲ್ಲಿ ಕಲಿತವನಿಗೆ ತನ್ನ ತಲೆಯೊಳಗಿರುವುದಕ್ಕೇ ಪುರಾವೆ ಸಿಗದಿದ್ದರೆ ಎಂಥ ಫಜೀತಿ! ಆದರೆ ಒಂದು ಮಾತು ಖಂಡಿತ: ಇಡೀ ಮಿರಜದಲ್ಲಿ ಕಂಪ್ಯೂಟರಿನ ಮೈ ಮುಟ್ಟಿ ಜ್ವರ ನೋಡುವ ಮನುಷ್ಯ ಒಬ್ಬರೇ. ಅವರು ನನ್ನ ಕಾಕಾ, ಅಪ್ಪನ ತಮ್ಮ.

ಮಿರಜದಲ್ಲಿ ದವಾಖಾನೆಗಳಿಗೇನು ಕೊರತೆ! ಅಂಥದೊಂದರಲ್ಲಿ ಕಾಕಾ ಹದಿನಾಲ್ಕು ವರ್ಷ ಒಂಬತ್ತು ಲಿನಕ್ಸ್ ಸರ್ವರ್‌ಗಳನ್ನು ಸಾಕಿದರು. ರಕ್ತದ ರಿಪೋರ್ಟು, ಔಷಧದ ಚೀಟಿ, ಪಾಳಿಗೆ ಹೆಸರು ಹಚ್ಚುವುದು, ಎಲ್ಲವೂ ಅವುಗಳ ಹೆಗಲ ಮೇಲೆ. ಡಿಗ್ರಿ ಹಿಡಿದುಕೊಂಡು ಎರಡು ವರ್ಷ ಸಾಂಗ್ಲಿ-ಮಿರಜ ಬಸ್ಸಿನಲ್ಲಿ ಸುಮ್ಮನೆ ಹೋಗಿ ಬರುತ್ತಿದ್ದ ನನ್ನನ್ನು ಅಲ್ಲಿಗೆ ಸೇರಿಸಿದವರೂ ಅವರೇ. ಒಂಬತ್ತನ್ನೂ ಒಂದೇ ಪರದೆಯಿಂದ ನಡೆಸುವ, ಕಾವಲು ಕಾಯುವ ಹೊಸ ಸಾಫ್ಟ್‌ವೇರ್ ಕೂಡಿಸುವುದು ನನ್ನ ಕೆಲಸ. ಅದು ಸರಿಯಾಗಿ ಕೂತ ಮೇಲೆ ಇಬ್ಬರೇಕೆ, ಒಬ್ಬರು ಸಾಕು ಎಂದು ಸಾಹೇಬರು ಮೊದಲ ದಿನವೇ ಹೇಳಿಬಿಟ್ಟರು. ಯಾರೆಂದು ಮಾತ್ರ ಹೇಳಲಿಲ್ಲ.

ಪರದೆಯ ಮೇಲೆ ಒಂಬತ್ತು ಹಸಿರು ಚುಕ್ಕೆ ಮೂಡಿದ ದಿನ ಕಾಕಾನನ್ನು ಕರೆದು ತೋರಿಸಿದೆ.

"ಎಲ್ಲಾ ಹಸರ ಅದಾವೇನು?"

"ಹೌದ್ರಿ ಕಾಕಾ, ಎಲ್ಲಾ ಆರಾಮ."

"ಹಂಗಾದ್ರ ಏನೋ ಮುಚ್ಚಿಡಾಕತ್ತಾವು!"

ಎದ್ದು ಹೋಗಿ ಒಂಬತ್ತರ ಬೆನ್ನಿಗೂ ಕೈ ಇಟ್ಟು ನೋಡಿ ಬಂದರು. ಇನ್ನು ಅವರ ಕಿವಿ! ತಂಬೂರಿ ಮಾಡುವವರ ಓಣಿಯಲ್ಲಿ ಬೆಳೆದದ್ದು. ಒಮ್ಮೆ ಊಟದ ಡಬ್ಬಿ ಅರ್ಧಕ್ಕೇ ಮುಚ್ಚಿ, "ಮೂರನೇದರ ಫ್ಯಾನಿನ ಸುರ ಇಳದೈತಿ" ಎಂದರು. ಮಧ್ಯಾಹ್ನವಿಡೀ ಬಿಚ್ಚಿದೆವು, ಜೋಡಿಸಿದೆವು. ಸುರ ಇಳಿದದ್ದು ಗೋಡೆಯಾಚೆಯ ಕ್ಯಾಂಟೀನಿನ ಮಿಕ್ಸರಿನದು! ಕಾಕಾ ನಾಚಿದರೇ? ಹೋಗಿ ಮಿಕ್ಸರ್ ದುರಸ್ತಿ ಮಾಡಿ, ಬಿಟ್ಟಿ ಚಹಾ ಕುಡಿದು ಬಂದರು.

ಏನಾದರೂ ಕೆಟ್ಟರೆ ಅವರ ಮೊಬೈಲಿಗೇ ಸಂದೇಶ ಹೋಗುವ ಹಾಗೆ ಮಾಡಿದೆ. ಮಾಡಬಾರದಿತ್ತು. ಸಾಂಗ್ಲಿವಾಡಿಯ ಮದುವೆಗೆ ಹೊರಟವರು ಸೇತುವೆಯ ನಡುವೆ ಮೊಬೈಲ್ ಕೂಗಿತೆಂದು, ರೇಷ್ಮೆ ಸೀರೆಯುಟ್ಟ ಹೆಂಡತಿಯನ್ನು, ನಮ್ಮ ಕಾಕುವನ್ನು, ಹಿಂದೆ ಕೂರಿಸಿಕೊಂಡೇ ಸ್ಕೂಟರ್ ತಿರುಗಿಸಿ ನೇರ ದವಾಖಾನೆಗೆ ಬಂದರು. ಯಾವುದೋ ಸರ್ವರಿನಲ್ಲಿ ಜಾಗ ಮುಕ್ಕಾಲು ತುಂಬಿತ್ತು, ಅಷ್ಟೇ.

"ನನಗ ಜ್ವರ ಬಂದಾಗ ಒಂದಿನಾರ ಹಿಂಗ ಓಡಿ ಬಂದೀರೇನ್ರಿ?" ಎಂದರು ಕಾಕು.

"ನಿನಗ ಬಾಯಿ ಐತಿ. ಅವಕ್ಕೆಲ್ಲೈತಿ?"

"ಅವಕ್ಕೂ ಬಂತಲ್ಲ ಈಗ, ಈ ಪುಣ್ಯಾತ್ಮನ ದಯಾದಿಂದ!" ಕಾಕು ನೋಡಿದ ನೋಟಕ್ಕೆ ನಾನು ಪರದೆಯ ಹಿಂದೆ ತಲೆ ತಗ್ಗಿಸಿದೆ.

ಎಲ್ಲಕ್ಕಿಂತ ನನಗೆ ತಡೆಯಲಾಗದ್ದು ಅವರ ಉಣಿಸುವ ನೇಮ. ಹೊಸದೇನೇ ಹಾಕುವುದಿದ್ದರೂ ಒಂದೇ ಸರ್ವರಿಗೆ ಹಾಕಬೇಕು. "ಮೊದಲ ಒಂದಕ್ಕ ಉಣಸು. ಪಚನ ಆತೇನು ನೋಡು. ಆಮ್ಯಾಲ ಉಳದವಕ್ಕ." ದಿನಕ್ಕೊಂದು! ಒಂಬತ್ತು ದಿನ! ಕೂತಲ್ಲಿ ಕೂರಲಾಗದ ನನ್ನಂಥವನು ಒಂಬತ್ತು ದಿನ ಕಾಯುವುದುಂಟೇ? 'ಎಲ್ಲಕ್ಕೂ' ಎಂಬ ಗುಂಡಿ ನನ್ನ ಪರದೆಯ ಮೇಲಿತ್ತು. ಅದರ ವೇಗವನ್ನು ಸಾಹೇಬರಿಗೆ ತೋರಿಸಬೇಕೆಂಬ ಆಸೆಯೂ ಇತ್ತು, ಸುಳ್ಳೇಕೆ ಹೇಳಲಿ.

ಒಂದು ದಿನ ಆ ಗುಂಡಿ ಒತ್ತಲ್ಪಟ್ಟಿತು. ಒಂಬತ್ತೂ ಕೆಂಪು. ಹೆಸರು ಹಚ್ಚುವ ಕಿಟಕಿಯೆದುರು ಮಂದಿ ಬೆಳೆಯುತ್ತ ಹೋದರು. ಮಗುವನ್ನು ಎತ್ತಿಕೊಂಡ ತಾಯಿಯೊಬ್ಬಳು ರಕ್ತದ ರಿಪೋರ್ಟು ಕೇಳಿ ಕೇಳಿ ಅಳತೊಡಗಿದಳು. ಕಾಕಾ ಒಂದೊಂದನ್ನೇ ಎಬ್ಬಿಸುತ್ತ ಹೋದರು. ಮೊದಲು ರಕ್ತ ಪರೀಕ್ಷೆಯದು, ಆಮೇಲೆ ಔಷಧದ್ದು. ಒಂಬತ್ತನೆಯದು ಎದ್ದಾಗ ಸಂಜೆಯಾಗಿತ್ತು.

ಸಾಹೇಬರು ಬಂದು ನಿಂತರು. "ಹೇ ಕೋಣಿ ಕೇಲಂ?"

ಮಾಡಿದವರು ಯಾರು? ನಾನು ಬಾಯಿ ತೆರೆದೆನೋ ಇಲ್ಲವೋ ನೆನಪಿಲ್ಲ.

"ಮೀಚ, ಸಾಹೇಬ," ಎಂದರು ಕಾಕಾ. ನಾನೇ ಮಾಡಿದ್ದು ಎಂದು.

ತಿಂಗಳ ಕೊನೆಗೆ ಅವರು ಮನೆಗೆ ಹೋದರು. ನಾನು ಉಳಿದೆ.

ಮನೆಗೆ ಯಾರೇ ಬರಲಿ, ಕಾಕಾ ಆ ಕಥೆ ಹೇಳುತ್ತಾರೆ. "ಇಂವ ಬ್ಯಾಡ ಬ್ಯಾಡ ಅನ್ನಾಕತ್ತಿದ್ದ. ನಾನ ಇವನ ಕೈಮ್ಯಾಲ ಕೈ ಇಟ್ಟು ಒತ್ತಿಸೇನಿ! ಮುದಕರಿಗೆ ಗಡಿಬಿಡಿ ಭಾಳ!" ಎಲ್ಲರೂ ನಗುತ್ತಾರೆ. ಕೇಳಿ ಕೇಳಿ ನನಗೂ ಆ ಕೈ ಕಾಣುತ್ತದೆ, ಬೆರಳಿನ ಉಂಗುರ ಸಹಿತ. ಬ್ಯಾಡ್ರಿ ಕಾಕಾ ಎಂದ ನನ್ನ ದನಿಯೂ ಕೇಳುತ್ತದೆ. ಇಬ್ಬರಿಗೂ ಇದ್ದದ್ದು ಒಂದೇ ಲಾಗಿನ್. ಯಾರು ಒತ್ತಿದರೆಂದು ಸಾಫ್ಟ್‌ವೇರಿಗೆ ಗೊತ್ತಿಲ್ಲ, ಯಾವಾಗ ಎಂಬುದಷ್ಟೇ ಗೊತ್ತು: ಹನ್ನೊಂದೂ ಇಪ್ಪತ್ತು.

ಹೋದ ವಾರ ತಡೆಯಲಾಗದೆ ಗೇಟಿನ ಕಾವಲುಗಾರನ ಹಳೆಯ ರಜಿಸ್ಟರ್ ಕೇಳಿ ತೆಗೆಸಿದೆ. ಆ ದಿನದ ಪುಟದ ತುಂಬ ಮರಾಠಿ ಸಹಿಗಳು, ನಡುವೆ ಒಂದೇ ಒಂದು ಕನ್ನಡದ್ದು, ಕಾಕಾನದು. ಬಂದದ್ದು ಎಲ್ಲಿಂದ: ಮಾಲಗಾಂವ. ಒಳಗೆ ಬಂದ ಹೊತ್ತು: ಹನ್ನೆರಡೂ ಐದು.