ಹುಲಿ ಪರದೆ, ಕೊಕ್ಕರೆ ತಟ್ಟೆ, ಅವ್ವನ ಕಾಡಿಗೆ

ಈ ಬರಹದಲ್ಲಿ ಒಂದಕ್ಷರ ಸುಳ್ಳಿದ್ದರೂ ಹರಾಜು ಕಟ್ಟೆಯಲ್ಲಿ ನನ್ನ ಹೊಗೆಸೊಪ್ಪನ್ನು ಯಾರೂ ಮೂಸಿ ಕೂಡ ನೋಡದಿರಲಿ. ಹುಣಸೂರು ಕಡೆಯ ಬೆಳೆಗಾರ ಇದಕ್ಕಿಂತ ದೊಡ್ಡ ಆಣೆ ಇಡಲಾರ. ಆಣೆ ಯಾಕೆಂದರೆ, ಇಂಥವೆಲ್ಲ ಊರಿನ ಅಷ್ಟೂ ಮನೆ ಬಿಟ್ಟು ನಮ್ಮ ಮನೆಯಲ್ಲೇ ನಡೆಯುತ್ತವೆ. ಹೇಳಿದರೆ ಜನ ಅರ್ಧ ಕಳೆದು ನಂಬುತ್ತಾರೆ.

ನನ್ನ ತಮ್ಮನ ಮಗಳು ಮೈಸೂರಿನಲ್ಲಿ ಚಿತ್ರಕಲೆ ಓದಿದವಳು. ಪರದೆ, ದಿಂಬಿನ ಕವರು, ಊಟದ ತಟ್ಟೆ, ಎಲ್ಲದರ ಮೇಲೂ ತಾನೇ ಚಿತ್ರ ಬರೆಯುತ್ತಾಳೆ. ಕಾಕನಕೋಟೆ ಕಡೆಯ ಹೋಂಸ್ಟೇ ಮಾಲೀಕರೊಬ್ಬರು, "ಜನ ಬಾಳೋ ಮನೇಲಿ ಇವು ಹೆಂಗೆ ಕಾಣ್ತವೆ ತೋರಿಸಮ್ಮ. ಭಾನುವಾರ ಬತ್ತೀನಿ. ಒಪ್ಪಿದ್ರೆ ನಮ್ಮ ರೂಮುಗಳಿಗೆಲ್ಲ ನಿನ್ನ ಸಾಮಾನೇ" ಎಂದಿದ್ದರು. ಒಪ್ಪದಿದ್ದರೆ? ನನ್ನ ತಮ್ಮ ಆಗಲೇ ಹೇಳಿಬಿಟ್ಟಿದ್ದ: "ಬಣ್ಣ ಎಲ್ಲ ಅಟ್ಟಕ್ಕಾಕಿ ಬಿ.ಎಡ್‌ಗೆ ಸೇರ್ಕೊ."

ನಮ್ಮೂರು ಕಟ್ಟೆಮಳಲವಾಡಿಯಲ್ಲಿ ನನ್ನ ಹಜಾರದಂಥ ಹಜಾರ ಇನ್ನೊಂದಿಲ್ಲ. ಇದು ನನ್ನ ಮಾತಲ್ಲ, ನನ್ನ ಅಭಿಪ್ರಾಯ. ಅದನ್ನು ಅವಳಿಗೆ ಬಿಟ್ಟುಕೊಟ್ಟೆ.

ಹುಲಿ ಪರದೆ

ಮೊದಲು ಬಂದದ್ದು ಕಿಟಕಿ ಪರದೆ. ಅದರ ತುಂಬ ಒಂದೇ ಒಂದು ಹುಲಿ. ರಸ್ತೆ ಕಡೆ ಕಿಟಕಿಗೆ ನಾನೇ ನನ್ನ ಕೈಯಾರೆ ನೇತುಹಾಕಿದೆ, ಅಷ್ಟು ಸಮನಾಗಿ ಬೇರೆ ಯಾರೂ ಹಾಕಲಾರರು. ಮುಸ್ಸಂಜೆ ಒಳಗೆ ದೀಪ ಹಚ್ಚಿದ್ದೇ ತಡ, ಹುಲಿ ಬೀದಿಗೆ ಎದ್ದು ಕಂಡಿತು. ಡೈರಿಗೆ ಹಾಲು ಒಯ್ಯುತ್ತಿದ್ದವನು ಕ್ಯಾನು ಅಲ್ಲೇ ಎಸೆದು ಓಡಿದ. ನಾವು ಕಾಫಿ ಕುಡಿದು ಮುಗಿಸುವಷ್ಟರಲ್ಲಿ ಅರಣ್ಯ ಇಲಾಖೆಯ ಗಾರ್ಡು ಬಾಗಿಲಲ್ಲಿ!

"ಹುಲಿ ಎಲ್ಲಿ ಸ್ವಾಮಿ?"

"ಇಲ್ಲೇ ಅದೆ, ಬನ್ನಿ. ಅಪ್ಪಟ ಹತ್ತಿ" ಎಂದೆ.

ಪರದೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿ ಗಾರ್ಡು ತಲೆ ಕೆರೆದುಕೊಂಡ. "ಬಂದ ಮೇಲೆ ರಿಪೋರ್ಟು ಬರೀಲೇಬೇಕು ಕಣ್ರೀ. ಹುಲಿ ಸಿಕ್ತು, ಇಸ್ತ್ರಿ ಮಾಡ್ಬೇಕು ಅಂತ ಬರೀಲಾ?"

ಕೊಕ್ಕರೆ ತಟ್ಟೆ

ಪಿರಿಯಾಪಟ್ಟಣದಿಂದ ನನ್ನ ಬಾಮೈದ ಬಂದ. ಶಿವಪೂಜೆ ಆಗದೆ ನೀರು ಮುಟ್ಟದವನು, ಮೊಟ್ಟೆ ಅನ್ನುವ ಮಾತು ಕೇಳಿದರೂ ಬಾಯಿ ಮುಕ್ಕಳಿಸುವವನು. ನನ್ನ ಹೆಂಡತಿ ಹೊಸ ತಟ್ಟೆಯಲ್ಲಿ ಮುದ್ದೆ ಇಟ್ಟು, ಸುತ್ತ ಬಸ್ಸಾರು ಸುರಿದಳು. ಮುದ್ದೆ ಕರಗುತ್ತ ಬಂದಂತೆ ಸಾರಿನೊಳಗಿಂದ ಮೊದಲು ಒಂದು ಕೊಕ್ಕು ಹೊರಬಂತು. ಆಮೇಲೆ ಒಂದು ಕಣ್ಣು.

"ಅಕ್ಕ! ತಟ್ಟೇಲಿ ಏನೋ ಅದೆ!"

"ಕೊಕ್ಕರೆ ಕಣೋ. ನಮ್ಮುಡುಗಿ ಬರೆದಿರೋದು, ಚೆಂದಾಗಿಲ್ವಾ?"

ಹುಡುಗಿ ಎದುರಿಗೇ ನಿಂತಿದ್ದಳು, ಚೆಂದಾಗಿಲ್ಲ ಅನ್ನುವಂತಿಲ್ಲ. ತಟ್ಟೆ ಬಿಟ್ಟು ಏಳುವಂತೆಯೂ ಇಲ್ಲ. ಅವನು ಕಣ್ಣು ಮುಚ್ಚಿಕೊಂಡು, "ಇನ್ನೊಂದು ಮುದ್ದೆ ಇಕ್ಕಕ್ಕ, ಕಣ್ಣಿನ ಮೇಲೇ ಇಕ್ಕು" ಎಂದ. ಅದು ಕರಗಿತು, ಕೊಕ್ಕರೆ ಮತ್ತೆ ಇಣುಕಿತು. ಇನ್ನೊಂದು ಇಕ್ಕಿಸಿಕೊಂಡ. ಜನ್ಮದಲ್ಲಿ ಒಂದು ಮುದ್ದೆ ದಾಟದವನು ಅವತ್ತು ಸಂಜೆವರೆಗೂ ಗೋಡೆಗೆ ಒರಗಿಕೊಂಡೇ ಇದ್ದ. ಹಕ್ಕಿ ಮುಟ್ಟದೆ ಹೊಟ್ಟೆ ಕೆಡಿಸಿಕೊಂಡ ಶರಣ ಈ ಸೀಮೆಯಲ್ಲಿ ಅವನೊಬ್ಬನೇ.

ಕವರಿನ ಮೇಲೆ ಕವರು

ಸುದ್ದಿ ಕೇಳಿ ಕೆ.ಆರ್. ನಗರದಿಂದ ನಮ್ಮ ಬೀಗಿತ್ತಿ ದಿಂಬು ನೋಡಲು ಬಂದರು. ಸೋಫಾದಲ್ಲಿ ಕೂತು ಸುತ್ತ ಕಣ್ಣಾಡಿಸಿ, "ಎಲ್ರೀ ಹೊಸ ದಿಂಬು?" ಎಂದರು.

"ನೀವು ಒರಗಿರೋದೇ ಕಣ್ರೀ" ಎಂದಳು ನನ್ನ ಹೆಂಡತಿ. "ಒಳಗಡೆ ಅದೆ."

ಹೊಸದು ಕೊಳೆಯಾಗಬಾರದಲ್ಲ! ದಿಂಬಿಗೆ ಪ್ಲಾಸ್ಟಿಕ್ಕು, ಅದರ ಮೇಲೆ ಹಳೆ ಟವೆಲು, ಅದರ ಮೇಲೆ ನನ್ನ ಹಳೆ ಲುಂಗಿ ಸುತ್ತಿದ್ದಳು. ಒಂದೊಂದೇ ಬಿಚ್ಚಿ ಚಿತ್ರ ತೋರಿಸಿದಳು. ಬೀಗಿತ್ತಿ ಎಲ್ಲ ನೋಡಿ, ಕೊನೆಗೆ ಬೆರಳು ತೋರಿಸಿದ್ದು ನನ್ನ ಲುಂಗಿಯ ಕಡೆ: "ನಮಗೆ ಈ ಚೌಕಳಿದೇ ಮಾಡ್ಸಿಕೊಡ್ರಿ."

ಹುಡುಗಿ ದಿಂಬನ್ನು ಕಂಕುಳಲ್ಲಿ ಇಟ್ಟುಕೊಂಡು ಒಳಗೆ ಹೋದಳು. ನಾನು ಮಾತ್ರ ಆ ಲುಂಗಿಯನ್ನು ಅಂದಿನಿಂದ ಬೀರುವಿನಲ್ಲಿಟ್ಟಿದ್ದೇನೆ.

ಅವ್ವನ ಕಾಡಿಗೆ

ಭಾನುವಾರ ಬಂತು. ಬೆಳಗ್ಗೆಯೇ ಹುಡುಗಿ ದಿಂಬುಗಳ ಮೇಲೆ ಸುತ್ತಿದ್ದನ್ನೆಲ್ಲ ಕಿತ್ತುಹಾಕಿ ಸ್ನಾನಕ್ಕೆ ಹೋದಳು. ಬಂದು ನೋಡಿದರೆ ಪ್ರತಿ ದಿಂಬಿನ ಮೂಲೆಯಲ್ಲೂ ಒಂದೊಂದು ಕಪ್ಪು ಬೊಟ್ಟು. ಹುಲಿಯ ಕೆನ್ನೆಗೂ ಒಂದು! ನಮ್ಮವ್ವ ಕಾಡಿಗೆ ಡಬ್ಬಿ ಹಿಡಿದು ನಿಂತಿದ್ದಳು.

"ಅಜ್ಜೀ! ಏನ್ ಮಾಡಿದೆ!"

"ವಾರದಿಂದ ಊರೋರೆಲ್ಲ ಬಾಯ್ ಬುಟ್ಕೊಂಡು ನೋಡ್ತಾವ್ರೆ. ಕಣ್ಣಾಯ್ತದೆ ಕಣವ್ವ."

ಹುಡುಗಿಯ ಕಣ್ಣಲ್ಲಿ ನೀರು. ಅಷ್ಟರಲ್ಲಿ ಹೋಂಸ್ಟೇ ಮಾಲೀಕರು ಒಳಗೆ ಬಂದೇಬಿಟ್ಟರು. ನನ್ನ ತಮ್ಮ ಮೂಲೆಯಲ್ಲಿ ಕೈಕಟ್ಟಿ ನಿಂತ. ಮುಖದ ಮೇಲೆ ಬಿ.ಎಡ್. ಎಂದು ಬರೆದಂತಿತ್ತು. ಮಾಲೀಕರು ದಿಂಬೊಂದನ್ನು ಎತ್ತಿಕೊಂಡು ಕನ್ನಡಕ ಸರಿಮಾಡಿಕೊಂಡರು. "ಏನಮ್ಮ ಇದು, ಕಪ್ಪು?"

ಸಮಯಸ್ಫೂರ್ತಿಗೆ ಈ ತಾಲ್ಲೂಕಿನಲ್ಲೇ ಹೆಸರಾದ ನಾನು ಬಾಯಿ ತೆರೆದೆ. "ಕಾಫಿ ಕುಡೀತೀರಾ?" ಅಂತಷ್ಟೇ ಹೊರಬಿತ್ತು.

ಅವ್ವನೇ ಅಂದಳು: "ದೃಷ್ಟಿ ಬೊಟ್ಟು ಕಣಪ್ಪ. ಚೆಂದಾಗಿರೋದ್ಕೆ ಇಕ್ಕಬೇಕು. ನಿಮ್ಮವ್ವ ನಿಂಗೆ ಇಕ್ತಿರಲಿಲ್ವಾ?"

ಮಾಲೀಕರು ತಮ್ಮ ಕೆನ್ನೆ ಮುಟ್ಟಿಕೊಂಡು ನಕ್ಕುಬಿಟ್ಟರು. "ಇಕ್ತಿದ್ರು ಕಣಜ್ಜಿ. ನಮ್ಮ ರೂಮುಗಳಿಗೂ ಇಂಥವೇ ಬೇಕು. ಬೊಟ್ಟು ಮಾತ್ರ ನಿಮ್ಮ ಕೈಯಿಂದ್ಲೇ ಆಗ್ಬೇಕು."

ಹುಡುಗಿ ಅಜ್ಜಿಯನ್ನು ತಬ್ಬಿಕೊಂಡಳು. ತಮ್ಮ ಮೆಲ್ಲಗೆ ಕೈ ಬಿಚ್ಚಿದ.

ಆದರೆ ಅವ್ವ ಸುಳ್ಳು ಬೊಟ್ಟು ಇಡುವವಳಲ್ಲ. ಈಗ ಪ್ರತಿ ದಿಂಬೂ ಅವಳ ಮುಂದೆ ಹೋಗಬೇಕು. ಚೆಂದ ಅನಿಸಿದರೆ ಬೊಟ್ಟು. ಇಲ್ಲದಿದ್ದರೆ, "ಇದ್ಕೆ ಯಾರ ಕಣ್ಣು ಬಿದ್ದಾತು ಬುಡು" ಎಂದು ಪಕ್ಕಕ್ಕೆ ಎಸೆಯುತ್ತಾಳೆ. ಮೈಸೂರಿನಲ್ಲಿ ಓದಿದವಳು ತೆಪ್ಪಗೆ ಹೊಸದು ಬರೆಯುತ್ತಾಳೆ.

ನೋಡಿ ನೋಡಿ ನನ್ನ ಕೈಯೂ ತುರಿಸಿತು. ಒಂದು ದಿಂಬಿನ ಮೇಲೆ ಭಾರಿ ಆನೆಯೊಂದನ್ನು ಬರೆದು, ಎದೆಯುಬ್ಬಿಸಿ ಅವ್ವನ ಮುಂದಿಟ್ಟೆ. ಅವಳು ನೆಟ್ಟಗೆ ಹಿಡಿದು ನೋಡಿದಳು, ತಲೆಕೆಳಗೆ ಮಾಡಿ ನೋಡಿದಳು, ನನ್ನ ಮುಖ ನೋಡಿದಳು. ಕಾಡಿಗೆ ಡಬ್ಬಿ ಮುಚ್ಚಿ ಹೇಳಿದಳು:

"ಇದನ್ನ ಬಾಗ್ಲಿಗೆ ನೇತಾಕು ಕಣ್ಲಾ. ಇಡೀ ಮನೇಗೇ ದೃಷ್ಟಿ ಆಗಕಿಲ್ಲ."

ನೇತುಹಾಕಿದ್ದೇವೆ. ಬಂದರೆ ನೋಡಬಹುದು. ಹಾಂ, ಇಷ್ಟರಲ್ಲಿ ಒಂದು ಸಣ್ಣ ವಿವರವನ್ನು ಮಾತ್ರ ನಾನೇ ಕಟ್ಟಿದ್ದು: ನಾನು ಬರೆಯಲು ಹೊರಟದ್ದು ಆನೆಯಲ್ಲ, ನವಿಲು.